ಅಂಗೈ ಅಗಲದ ಕಳ್ಳಭಟ್ಟಿ

ಅಮೆರಿಕದಲ್ಲಿ ಪುಟ್ಟ ರೈಲುಗಳ ಮಾದರಿ ಕಟ್ಟುವ ಹವ್ಯಾಸಿಗಳು ನೆಲಮಾಳಿಗೆಯ ತುಂಬ ಹಳಿ, ಸುರಂಗ, ಸೇತುವೆ, ನಿಲ್ದಾಣಗಳನ್ನು ಹರಡಿಕೊಂಡಿರುತ್ತಾರೆ. ಅಪಲೇಚಿಯನ್ ಬೆಟ್ಟಸೀಮೆಯನ್ನು ಕಟ್ಟಿದವನಾದರೆ ಬಂದವರಿಗೆ ಎಲ್ಲ ತೋರಿಸಿ ಮುಗಿಸಿ, ಮೂಲೆಯ ಗುಡ್ಡದ ಕಡೆ ಕೈ ಮಾಡಿ ‘ಅಲ್ಲೊಂದು ಇದೆ, ಹುಡುಕಿ ನೋಡೋಣ’ ಎನ್ನುವುದುಂಟು. ಬಗ್ಗಿ ಪೊದೆಗಳ ಸಂದಿಯಲ್ಲಿ ಇಣುಕಿದರೆ ಹೆಬ್ಬೆರಳ ಉಗುರಿನಷ್ಟು ತಾಮ್ರದ ಹಂಡೆ, ಪಕ್ಕದಲ್ಲಿ ಎರಡು ಪೀಪಾಯಿ, ಕೆಳಗೆ ಸಣ್ಣ ತೊರೆ. ಕಾಡಿನ ಕಳ್ಳಭಟ್ಟಿ!

ಇದನ್ನೇ ರೈಲಿನ ಸಹವಾಸದಿಂದ ಬಿಡಿಸಿ, ಒಂದಡಿ ಚೌಕದ ಹಲಗೆಯ ಮೇಲೆ ಇನ್ನೂ ದೊಡ್ಡದಾಗಿ ಕಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇಡುವವರೂ ಇದ್ದಾರೆ. ಇಂಥ ಪುಟ್ಟ ದೃಶ್ಯಕ್ಕೆ ಡಯೋರಾಮ ಎಂದು ಹೆಸರು. ಗೊಂಬೆ ಹಬ್ಬದಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ‘ಪಾರ್ಕು’ ಮಾಡುವ ನಮ್ಮ ಮನೆಗಳವರಿಗೆ ಇದರ ಅರ್ಧ ಕೆಲಸ ಹೇಳಿಕೊಡಬೇಕಾಗಿಲ್ಲ. ವ್ಯತ್ಯಾಸ ಒಂದೇ. ಗೊಂಬೆ ಹಬ್ಬದಲ್ಲಿ ದೇವಸ್ಥಾನಕ್ಕಿಂತ ಹುಲಿ ದೊಡ್ಡದಾಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಇಲ್ಲಿ ಅಳತೆ ತಪ್ಪಿದರೆ ಆಟ ಕೆಟ್ಟಿತು.

ಭಟ್ಟಿ ಕಾಡು ಸೇರಿದ್ದಕ್ಕೆ ಕಾರಣ ಸುಂಕ. 1791ರಲ್ಲಿ ಅಮೆರಿಕದ ಹೊಸ ಸರ್ಕಾರ ವಿಸ್ಕಿಯ ಮೇಲೆ ಸುಂಕ ಹಾಕಿತು. ಬೆಳೆದ ಧಾನ್ಯವನ್ನು ಮೂಟೆ ಕಟ್ಟಿ ಗುಡ್ಡ ಇಳಿಸುವುದಕ್ಕಿಂತ ಸಾರಾಯಿ ಮಾಡಿ ಇಳಿಸುವುದೇ ಲಾಭ ಎಂದುಕೊಂಡಿದ್ದ ಬೆಟ್ಟದ ರೈತರಿಗೆ ಇದು ಹೊಟ್ಟೆಗೆ ಹೊಡೆದಂತಾಯಿತು. 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ದಂಗೆಯೇ ಆಗಿ, ಅದನ್ನು ಅಡಗಿಸಲು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಖುದ್ದಾಗಿ ಸೇನೆಯ ಜೊತೆ ಹೊರಟರು. ಆ ಸುಂಕ 1802ರಲ್ಲಿ ಹೋಯಿತು. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಮತ್ತೆ ಬಂದದ್ದು ಮಾತ್ರ ಹೋಗಲೇ ಇಲ್ಲ. ಆಮೇಲೆ 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧ. ಕದ್ದು ಕಾಯಿಸುವವರಿಗೆ ಅದು ಸುಗ್ಗಿಯ ಕಾಲ. ವರ್ಜೀನಿಯಾದ ಫ್ರಾಂಕ್ಲಿನ್ ಕೌಂಟಿಯಲ್ಲಿ ಕಳ್ಳಭಟ್ಟಿಯವರೂ ಅವರನ್ನು ಹಿಡಿಯಬೇಕಾದ ಅಧಿಕಾರಿಗಳೂ ಒಂದಾಗಿದ್ದರೆಂಬ ಒಳಸಂಚಿನ ಮೊಕದ್ದಮೆ 1935ರಲ್ಲಿ ನಡೆದು ದೇಶದ ತುಂಬ ಸುದ್ದಿಯಾಯಿತು. ಮಾದರಿ ಕಟ್ಟುವವರಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಈ ಇಪ್ಪತ್ತು–ಮೂವತ್ತರ ದಶಕಗಳನ್ನೇ.

ಅಂಟು, ಬಣ್ಣಕ್ಕೆ ಕೈಹಾಕುವ ಮೊದಲು ಭಟ್ಟಿ ನಡೆಯುವ ಬಗೆ ತಿಳಿದಿರಬೇಕು. ಮೆಕ್ಕೆಜೋಳದ ನುಚ್ಚು, ಸಕ್ಕರೆ, ನೀರು ಕಲಸಿ ಹುಳಿಯಲು ಬಿಟ್ಟ ಪೀಪಾಯಿಗಳು ಒಂದು ಕಡೆ. ನಮ್ಮ ಅಬಕಾರಿ ದಾಳಿಯ ಸುದ್ದಿಗಳಲ್ಲಿ ಬರುವ ‘ಕೊಳೆ’ ಇದೇ. ಕೊಳೆ ಬೀಳುವುದು ತಾಮ್ರದ ಹಂಡೆಗೆ, ಹಂಡೆಯ ಸುತ್ತ ಕಲ್ಲು ಮಣ್ಣಿನ ಒಲೆ. ಹಂಡೆಯ ಬಾಯಿಗೆ ಬೋರಲು ಹಾಕಿದ ತಾಮ್ರದ ಮುಚ್ಚಳ, ಅದರ ಪಕ್ಕದಿಂದ ಹೊರಟ ಕೊಳವೆ ಬಾಯಿ ಮುಚ್ಚಿದ ಇನ್ನೊಂದು ಪೀಪಾಯಿಗೆ ಇಳಿಯುತ್ತದೆ. ಆವಿ ಅಲ್ಲಿ ದ್ರವದೊಳಗಿಂದ ಉಕ್ಕಿ ಬರುವಾಗ ಧಡ್ ಧಡ್ ಸದ್ದು ಬರುವುದರಿಂದ ಅದಕ್ಕೆ ‘ಥಂಪರ್’ ಎನ್ನುತ್ತಾರೆ. ಎರಡನೇ ಸಲ ಕಾಯಿಸುವ ಶ್ರಮವನ್ನು ಅದು ಉಳಿಸುತ್ತದೆ. ಅಲ್ಲಿಂದ ಆವಿ ಹೋಗುವುದು ತಣ್ಣೀರಿನ ಪೀಪಾಯಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿಗೆ. ಸುರುಳಿಯ ತುದಿ ಪೀಪಾಯಿಯ ಬುಡದಲ್ಲಿ ಹೊರಗೆ ಬಂದು, ಸಾರಾಯಿ ಹನಿಯಾಗಿ ಜಾಡಿಗೆ ಬೀಳುತ್ತದೆ.

ಇಷ್ಟು ಗೊತ್ತಿದ್ದರೆ ಎಲ್ಲಿ ಏನಿರಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಸುರುಳಿಯ ಪೀಪಾಯಿಗೆ ತಣ್ಣೀರು ಬರುತ್ತಲೇ ಇರಬೇಕು, ಪಂಪು ಇಲ್ಲ. ಆದ್ದರಿಂದ ತೊರೆಯ ಮೇಲ್ಮಗ್ಗುಲಿನಿಂದ ಮರದ ದೋಣಿಯಲ್ಲಿ ನೀರು ಇಳಿದು ಬಂದು, ತುಂಬಿ ಹೆಚ್ಚಾದದ್ದು ಕೆಳಮಗ್ಗುಲಿನಲ್ಲಿ ತೊರೆಗೇ ಸೇರಬೇಕು. ಜಾಡಿ ಸುರುಳಿಯ ತುದಿಗಿಂತ ಕೆಳಗಿರಬೇಕು. ಅಂದರೆ ಪೀಪಾಯಿಯನ್ನು ಕಲ್ಲಿನ ಮೇಲೆ ಎತ್ತರಿಸಬೇಕು, ಇಲ್ಲವೇ ಜಾಡಿಗೆ ಗುಂಡಿ ತೋಡಬೇಕು. ಚಪ್ಪಟೆ ಹಲಗೆಯ ಮೇಲೆ ಎಲ್ಲವನ್ನೂ ಸಾಲಾಗಿ ಅಂಟಿಸಿದ ಮಾದರಿಯಲ್ಲಿ ನೀರು ಗುಡ್ಡ ಹತ್ತಬೇಕಾಗುತ್ತದೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಅಂಥದ್ದನ್ನು ಕಂಡರೆ ನನಗೆ ಪಾತ್ರೆ ಅಂಗಡಿಯೇ ನೆನಪಾಗುತ್ತದೆ.

ಇಷ್ಟೆಲ್ಲ ವಿವರ ಸಿಗುವುದೆಲ್ಲಿಂದ? ಕಾಯಿಸುವವನು ತನ್ನ ಭಟ್ಟಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದು ಅಪರೂಪ. ಉಳಿದಿರುವ ಹಳೆಯ ಚಿತ್ರಗಳಲ್ಲಿ ಬಹುಪಾಲು ದಾಳಿಯಾದ ಮೇಲೆ ತೆಗೆದವು. ಹ್ಯಾಟು ಹಾಕಿದ ಅಧಿಕಾರಿಗಳು ಜಪ್ತಿ ಮಾಡಿದ ಹಂಡೆಯ ಅಕ್ಕಪಕ್ಕ ಬೇಟೆಯಾಡಿದವರ ಠೀವಿಯಲ್ಲಿ ನಿಂತಿರುತ್ತಾರೆ. ಕಳ್ಳನ ಕಸುಬಿನ ದಾಖಲೆಯನ್ನು ಇಟ್ಟುಕೊಟ್ಟವನು ಪೊಲೀಸನೇ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಂಥ ಚಿತ್ರಗಳಿವೆ. ಕಾಯಿಸುವವರ ಕಡೆಯ ಮಾತು ಬೇಕಾದರೆ ಜಾರ್ಜಿಯಾದ ರೇಬನ್ ಕೌಂಟಿಗೆ ಹೋಗಬೇಕು. ಅಲ್ಲಿನ ಶಾಲಾಮಕ್ಕಳು 1966ರಿಂದ ಊರಿನ ಹಿರಿಯರನ್ನು ಮಾತಾಡಿಸಿ ‘ಫಾಕ್ಸ್‌ಫೈರ್’ ಎಂಬ ಪತ್ರಿಕೆ ತಂದರು. 1972ರಲ್ಲಿ ಅದರಿಂದ ಆಯ್ದು ಬಂದ ಪುಸ್ತಕದಲ್ಲಿ ಕಳ್ಳಭಟ್ಟಿಯ ಮೇಲೆ ನಕ್ಷೆಗಳ ಸಮೇತ ಒಂದು ಅಧ್ಯಾಯವೇ ಇದೆ. ಕಣ್ಣಾರೆ ನೋಡಬೇಕೆನ್ನುವವರಿಗೆ ವರ್ಜೀನಿಯಾದ ಬ್ಲೂ ರಿಡ್ಜ್ ಪಾರ್ಕ್‌ವೇ ರಸ್ತೆಯ ಮೇಬ್ರಿ ಮಿಲ್ಲಿನಲ್ಲೂ ಹಳೆಯ ಭಟ್ಟಿಯೊಂದನ್ನು ಜೋಡಿಸಿಟ್ಟಿದ್ದಾರೆ.

ಅಳತೆಯ ಆಯ್ಕೆಯಲ್ಲಿ ಎರಡು ಬಣ. ರೈಲಿನವರ ‘ಎಚ್‌ಒ’ ಅಳತೆ ಎಂದರೆ ನಿಜದ 87ರಲ್ಲಿ ಒಂದು ಪಾಲು, ಆರಡಿ ಆಳು ಅಲ್ಲಿ 21 ಮಿಲಿಮೀಟರ್. ಗಾಜಿನ ಜಾಡಿ 2 ಮಿ.ಮೀ. ಬಂದರೆ ಹೆಚ್ಚು. ಈ ಅಳತೆಯಲ್ಲಿ ಎರಕದ ಬಿಡಿಭಾಗಗಳು ಸಿದ್ಧವಾಗಿಯೇ ಸಿಗುತ್ತವೆ, ಬಣ್ಣ ಬಳಿದು ಅಂಟಿಸಿದರಾಯಿತು. 24ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅದೇ ಆಳು 76 ಮಿ.ಮೀ., ಜಾಡಿ 7 ಮಿ.ಮೀ. ಎಲ್ಲವನ್ನೂ ಕೈಯಲ್ಲೇ ಮಾಡಬೇಕು, ತಪ್ಪೂ ದೊಡ್ಡದಾಗಿ ಕಾಣುತ್ತದೆ. ನನ್ನ ಓಟು ಇದಕ್ಕೇ. ಇದರಲ್ಲಿ ತಾಮ್ರವನ್ನು ತಾಮ್ರದಿಂದಲೇ ಮಾಡಬಹುದು.

ಸುರುಳಿಯನ್ನೇ ನೋಡಿ. ನಿಜದ ಕೊಳವೆ ಎರಡು ಎರಡೂವರೆ ಸೆಂಟಿಮೀಟರ್ ದಪ್ಪ ಎಂದರೆ ಮಾದರಿಗೆ ಸುಮಾರು 1 ಮಿ.ಮೀ. ತಂತಿ ಸಾಕು. ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸಿಗುವ ತಂತಿಯ ಮೇಲೆ ವಾರ್ನಿಷ್ ಲೇಪವಿರುತ್ತದೆ, ಅದನ್ನು ಉಪ್ಪು ಕಾಗದದಲ್ಲಿ ಉಜ್ಜಿ ತೆಗೆದು, ತಂತಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು. ಕಬ್ಬಿಣ ಹೀಗೆ ಮಾಡಿದರೆ ಗಡಸಾಗಬಹುದು, ತಾಮ್ರ ಮೆತ್ತಗಾಗುತ್ತದೆ. ಆಮೇಲೆ ಬೆರಳು ದಪ್ಪದ ಪೈಪಿಗೆ ಒತ್ತೊತ್ತಾಗಿ ಸುತ್ತಿ, ಪೈಪು ಹೊರಗೆಳೆದು, ಎರಡೂ ತುದಿ ಹಿಡಿದು ಒಂದೇ ಸಮನೆ ಎಳೆಯುವುದು. ಸುತ್ತುಗಳ ನಡುವೆ ಸಮ ಅಂತರ ಬರುವುದು ಈ ಒಂದು ಎಳೆತದಲ್ಲಿ. ಎಳೆದದ್ದು ಹೆಚ್ಚಾದರೆ ಒತ್ತಿ ಸರಿಮಾಡಲು ಹೋಗಬಾರದು, ಸೊಟ್ಟಗಾಗುತ್ತದೆ. ಹೊಸ ತಂತಿ ತಗೊಂಡು ಮೊದಲಿನಿಂದ ಸುತ್ತುವುದೇ ವಾಸಿ.

ಹೊಸಬರು ಎಡವುವುದು ಹಸಿರು ಕಿಲುಬಿನಲ್ಲಿ. ಉಪ್ಪು, ವಿನಿಗರ್ ತಾಗಿಸಿದರೆ ತಾಮ್ರಕ್ಕೆ ಸೊಗಸಾದ ಹಸಿರು ಬರುತ್ತದೆ, ಕಂಡ ಕೂಡಲೇ ಇಡೀ ಹಂಡೆಗೆ ಬಳಿಯುವ ಆಸೆಯೂ ಬರುತ್ತದೆ. ಆದರೆ ಕಿಲುಬು ಹತ್ತುವುದು ಬಿಟ್ಟುಹೋದ ಭಟ್ಟಿಗೆ. ನಡೆಯುತ್ತಿರುವ ಭಟ್ಟಿಯ ಹಂಡೆ ಬುಡದಲ್ಲಿ ಮಸಿ, ನಡುವೆ ಕಂದು, ಕೈಯಾಡುವ ಜಾಗದಲ್ಲಿ ಮಿನುಗು. ಮುಚ್ಚಳ ಕೂರುವ ಸಂದಿಗೆ ಬೆಟ್ಟದವರು ರೈ ಹಿಟ್ಟಿನ ಅಂಟು ಮೆತ್ತಿ ಆವಿ ಹೊರಬಾರದಂತೆ ಮಾಡುತ್ತಿದ್ದರು. ಮಾದರಿಯಲ್ಲಿ ಆ ಜಾಗಕ್ಕೆ ಮಾಸಲು ಬಿಳಿಯ ಪುಟ್ಟಿಯನ್ನು ಸೂಜಿಮೊನೆಯಲ್ಲಿ ಒರಟಾಗಿ ಹಚ್ಚಿದರೆ, ಹಂಡೆ ಬೆಳಗಿನಿಂದ ಒಲೆಯ ಮೇಲಿದೆ ಎಂದು ನಂಬಿಕೆ ಬರುತ್ತದೆ.

ನೆಲದ ಕೆಲಸ ಬೇಗ ಹೇಳಬಹುದು. ಗಟ್ಟಿ ಫೋಮಿನ ಹಲಗೆಗಳನ್ನು ಪೇರಿಸಿ ಗುಡ್ಡ ಕೊರೆಯುವುದು, ಮೇಲೆ ಪ್ಲಾಸ್ಟರ್, ಅದರ ಮೇಲೆ ಜರಡಿ ಹಿಡಿದು ಬಿಸಿಮಾಡಿದ ನಿಜವಾದ ಮಣ್ಣು. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿದರೆ ಅಂಟು ಮಣ್ಣಿನ ಮೇಲೆ ಮಣಿಯಾಗಿ ನಿಲ್ಲದೆ ಒಳಗಿಳಿಯುತ್ತದೆ. ತೊರೆಗೆ ಎಪಾಕ್ಸಿ ರೆಸಿನ್. ಒಂದೇ ಸಲ ದಪ್ಪಗೆ ಹುಯ್ದರೆ ಕಾವು ಏರಿ ಬಿರುಕು ಬಿಡುತ್ತದೆ, ಎರಡು ಮೂರು ಮಿಲಿಮೀಟರ್ ಪದರ ಪದರವಾಗಿ ಹುಯ್ದು ಒಣಗಲು ಬಿಡಬೇಕು. ತೊರೆಯ ತಳದಲ್ಲಿ ಸೂಜಿತೂತು ಇದ್ದರೂ ರೆಸಿನ್ ಸೋರಿ ಮೇಜಿನ ಮೇಲೆ ಕೂತಿರುತ್ತದೆ. ನೆಲದ ತರಗೆಲೆಗೆ ಅಲ್ಲಿಯವರು ಬರ್ಚ್ ಮರದ ಒಣ ತೆನೆಯನ್ನು ಪುಡಿ ಮಾಡುತ್ತಾರೆ. ಅದರ ಒಂದೊಂದು ಚೂರೂ ಥೇಟ್ ಮೇಪಲ್ ಎಲೆಯ ಆಕಾರ. ನಾವಾದರೆ ಒಣ ಎಲೆಯನ್ನು ಮಿಕ್ಸಿಗೆ ಹಾಕಿ ಟೀ ಸೋಸುವ ಜಾಲರಿಯಲ್ಲಿ ಸೋಸಬಹುದು.

ಮರಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಶಿಲೀಂಧ್ರ ರೋಗವೊಂದು ಕೆಲವೇ ದಶಕಗಳಲ್ಲಿ ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ನುಂಗಿ ಹಾಕಿತು. ಅಪಲೇಚಿಯನ್ ಕಾಡಿನ ಹಿರಿಯ ಮರ ಅದು. ಆದ್ದರಿಂದ ಮೂವತ್ತರ ದಶಕದ ದೃಶ್ಯದಲ್ಲಿ ತೊಗಟೆ ಕಳಚಿ ಬೂದಿಬಣ್ಣಕ್ಕೆ ತಿರುಗಿ ನಿಂತ ಒಂದೆರಡು ದೊಡ್ಡ ಬೋಡು ಕಾಂಡಗಳು ಇರಲೇಬೇಕು. ಬಲ್ಲವರು ಮೊದಲು ಹುಡುಕುವುದು ಅವನ್ನೇ. ಅವುಗಳ ಕೆಳಗೆ ರೋಡೊಡೆಂಡ್ರಾನ್ ಮತ್ತು ಲಾರೆಲ್ ಪೊದೆಗಳು. ಚಳಿಗಾಲದಲ್ಲೂ ಎಲೆ ಉದುರಿಸದ ಇವು ಭಟ್ಟಿಗೆ ವರ್ಷವಿಡೀ ಮರೆ.

ಈ ಹವ್ಯಾಸದ ನಿಜವಾದ ಕಷ್ಟ ಈ ಮರೆಯೇ. ಯಾರಿಗೂ ಕಾಣಬಾರದೆಂದು ಕಟ್ಟಿದ್ದನ್ನು ನೋಡಲೆಂದೇ ಬಂದವರ ಮುಂದೆ ಇಡಬೇಕು. ಪೊದೆ ದಟ್ಟವಾದರೆ ತಿಂಗಳುಗಟ್ಟಲೆ ಮಾಡಿದ ಹಂಡೆ ಮುಚ್ಚಿಹೋಗುತ್ತದೆ, ತೆಳುವಾದರೆ ಅದು ಯಾವ ಕಳ್ಳಭಟ್ಟಿ? ಕೆಲವರು ಗುಡ್ಡವನ್ನು ಕೇಕಿನಂತೆ ಒಂದು ಬದಿಯಲ್ಲಿ ಕತ್ತರಿಸಿ ಒಳಗಿನದನ್ನು ತೋರಿಸುತ್ತಾರೆ. ಮೂರು ಬದಿ ಮುಚ್ಚಿ, ತೊರೆಯ ದಾರಿಯೊಂದನ್ನೇ ಕಣ್ಣಿಗೆ ತೆರೆದಿಡುವುದು ನನಗೆ ಹೆಚ್ಚು ಹಿಡಿಸುತ್ತದೆ. ನೋಡುವವನು ಬಗ್ಗಿ, ತಲೆ ಓರೆಮಾಡಿ, ಅಬಕಾರಿಯವನು ನಡೆದು ಬರಬೇಕಾದ ದಾರಿಯಲ್ಲೇ ಕಣ್ಣು ಹಾಯಿಸಬೇಕಾಗುತ್ತದೆ. ಹತ್ತಿಯನ್ನು ಎಳೆದು ಹೊಗೆ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ. ಹೊಗೆ ಕಂಡರೆ ಸಿಕ್ಕಿಬಿದ್ದಂತೆ ಎಂದೇ ಕಾಯಿಸುವವರು ಒಣ ಗಟ್ಟಿ ಸೌದೆ ಆರಿಸುತ್ತಿದ್ದರು, ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸುತ್ತಿದ್ದರು.

ಮನುಷ್ಯರ ಗೊಂಬೆಗಳಲ್ಲಿ ಅಭಿರುಚಿ ಕೆಡುವುದು ಜಾಸ್ತಿ. ಬರಿಗಾಲು, ಹೊಟ್ಟೆಯವರೆಗೆ ಗಡ್ಡ, ಮೂರು ‘ಎಕ್ಸ್’ ಬರೆದ ಮಣ್ಣಿನ ಹೂಜಿ ತಬ್ಬಿ ಗೊರಕೆ ಹೊಡೆಯುವ ಬೆಟ್ಟದವನು ಕಾರ್ಟೂನಿನಿಂದ ಬಂದವನು. ಕುಡಿದು ಬಿದ್ದವನಿಂದ ಈ ಕೆಲಸ ಸಾಗುತ್ತಿರಲಿಲ್ಲ, ಮೈಯೆಲ್ಲ ಕಣ್ಣಾಗಿರಬೇಕಿತ್ತು. ತಮಾಷೆ ಬೇಕೇ ಬೇಕೆಂದರೆ ನಿಜದಲ್ಲೇ ಇದೆ. ಪಾನನಿಷೇಧದ ಕಾಲದಲ್ಲಿ ಕೆಲವರು ಬೂಟಿನ ಅಡಿಗೆ ಹಸುವಿನ ಗೊರಸಿನ ಆಕಾರದ ಮರದ ತುಂಡು ಕಟ್ಟಿಕೊಂಡು ನಡೆಯುತ್ತಿದ್ದರು, ಹೆಜ್ಜೆ ಗುರುತು ದನದ್ದೆಂದು ಕಾಣಲಿ ಎಂದು. ಮಾದರಿಯ ಕೆಸರು ಹಸಿಯಾಗಿರುವಾಗಲೇ ಗೊರಸಿನ ಅಚ್ಚು ಒತ್ತಬಹುದು. ಒತ್ತುವಾಗ ಎರಡು ಕಾಲಿನ ನಡಿಗೆಯಲ್ಲಿ ಒತ್ತಬೇಕು, ನಾಲ್ಕು ಕಾಲಿನದ್ದಲ್ಲ.

ದೃಶ್ಯ ಆಮೇಲಿನ ಕಾಲದ್ದಾಗಿ ಅಂಚಿನಲ್ಲಿ ಜಾಗವೂ ಇದ್ದರೆ 1940ರ ಫೋರ್ಡ್ ಕೂಪೆ ಕಾರನ್ನೂ ನಿಲ್ಲಿಸುತ್ತಾರೆ. ಸರಕು ಸಾಗಿಸುವವರ ಮೆಚ್ಚಿನ ಕಾರು ಅದು, ಪ್ಲಾಸ್ಟಿಕ್ ಕಿಟ್ಟಾಗಿ ಸಿಗುತ್ತದೆ. ರಾತ್ರಿ ಹೊತ್ತು ದೀಪ ಆರಿಸಿ ಬೆಟ್ಟದ ತಿರುವುಗಳಲ್ಲಿ ಹಾಗೆ ಓಡಿಸಿದವರಲ್ಲಿ ಕೆಲವರು ಮುಂದೆ ನಾಸ್ಕಾರ್ ಕಾರು ರೇಸಿನ ಹೀರೋಗಳಾದರು. ಉತ್ತರ ಕೆರೊಲಿನಾದ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲು ಕಂಡವರು, 1986ರಲ್ಲಿ ಅವರಿಗೆ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. 2010ರಲ್ಲಿ ಶಾರ್ಲಟ್ ನಗರದಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್ ತೆರೆದಾಗ ಅಲ್ಲಿಗೊಂದು ಭಟ್ಟಿಯನ್ನು ತಾವೇ ಕಟ್ಟಿಕೊಟ್ಟರು.

ಪಳಗಿದವರು ಕೊನೆಗೆ ಕೈಹಾಕುವುದು ದಾಳಿಯಾದ ಮೇಲಿನ ಭಟ್ಟಿಗೆ. ಅಧಿಕಾರಿಗಳು ಹಂಡೆಯನ್ನು ಕೊಡಲಿಯಿಂದ ಸೀಳಿ, ಪೀಪಾಯಿ ಒಡೆದು, ಕೊಳೆ ಚೆಲ್ಲಿ ಹೋಗುತ್ತಿದ್ದರು. ಮರ ಕಡೆದು ಬಣ್ಣ ಬಳಿದ ಹಂಡೆಯಲ್ಲಿ ಇದು ಆಗದ ಮಾತು, ಸೀಳಿದರೆ ಒಳಗಿನ ಮರ ಕಾಣುತ್ತದೆ. ತೆಳು ತಾಮ್ರದ ಹಾಳೆಯನ್ನು ಮರದ ಅಚ್ಚಿನ ಮೇಲೆ ತಿಕ್ಕಿ ತಿಕ್ಕಿ ಕೂರಿಸಿ, ಅಚ್ಚು ತೆಗೆದು, ಹೊರಗಿನಿಂದ ಬ್ಲೇಡಿನಲ್ಲಿ ಹೊಡೆಯಬೇಕು. ಅಂಚುಗಳು ಒಳಕ್ಕೆ ಮಡಚಿಕೊಂಡರೆ ಕೊಡಲಿ ಏಟಿನಂತೆ ಕಾಣುತ್ತದೆ, ಹೊರಕ್ಕೆ ಎದ್ದರೆ ಒಳಗಿನಿಂದ ಸಿಡಿದಂತೆ. ನೆಲದ ಮೇಲೆ ಚೆಲ್ಲಿದ ಕೊಳೆಗೆ ಹಳದಿ ಚಾಕ್‌ಪುಡಿಯನ್ನು ಅಂಟಿನಲ್ಲಿ ಕಲಸಿ ಸುರಿದರೆ ಸಾಕು. ನಿಜವಾದದ್ದೇ ಇರಲಿ ಎಂದು ಮೆಕ್ಕೆಜೋಳದ ಹಿಟ್ಟು ಹಾಕುವವರಿದ್ದಾರೆ. ಗಾಜಿನ ಪೆಟ್ಟಿಗೆಯೊಳಗೂ ಅದಕ್ಕೆ ಹುಳ ಬೀಳುತ್ತದೆ.