ಹೊಸ ಸೆಮಿಸ್ಟರ್: ಮೊದಲ ಸ್ಥಾನ ಯಾರಿಗೆ?

ಕರಾವಳಿಯಲ್ಲಿ ಮುಂಗಾರು ನೆಲೆಯೂರುವ ಹೊತ್ತಿಗೆ ನಮ್ಮ ಕಾಲೇಜುಗಳಲ್ಲಿ ಹೊಸ ಸೆಮಿಸ್ಟರಿನ ಸಿದ್ಧತೆ ನಡೆದಿರುತ್ತದೆ. ಪವಿತ್ರಾತ್ಮರ ಅನುಗ್ರಹ ಬೇಡುವ ಬಲಿಪೂಜೆ ಮುಗಿದ ಬಳಿಕ ಪ್ರಾಂಶುಪಾಲರು ಅಧ್ಯಾಪಕರ ಸಭೆ ಕರೆದು ಬರಲಿರುವ ತಿಂಗಳುಗಳ ಯೋಜನೆಯನ್ನು ಮುಂದಿಡುತ್ತಾರೆ. ಆಂತರಿಕ ಪರೀಕ್ಷೆಗಳ ದಿನಾಂಕ, ವಿಚಾರ ಸಂಕಿರಣಗಳು, ಕ್ರೀಡಾಕೂಟ, ನ್ಯಾಕ್ ಪರಿಶೀಲನೆಗೆ ಬೇಕಾದ ಕಡತಗಳು, ಉದ್ಯೋಗ ಮೇಳ, ಪ್ರತಿಭಾ ದಿನಾಚರಣೆ, ಹೀಗೆ ಪಟ್ಟಿ ಬೆಳೆಯುತ್ತದೆ. ಅದಕ್ಕೆ ‘ಈ ಸೆಮಿಸ್ಟರಿನ ಆದ್ಯತೆಗಳು’ ಎಂಬ ತಲೆಬರಹ ಕೊಡುವುದು ರೂಢಿ.

ಆದ್ಯತೆ ಎಂಬ ಪದದೊಳಗೆ ‘ಆದ್ಯ’ ಎಂಬುದಿದೆ. ಆದ್ಯವೆಂದರೆ ಮೊದಲನೆಯದು. ಹತ್ತು ಹನ್ನೆರಡು ಸಂಗತಿಗಳು ಏಕಕಾಲದಲ್ಲಿ ಮೊದಲನೆಯವು ಆಗಲಾರವು. ಒಂದನ್ನು ಮುಂದಕ್ಕೆ ತಂದಾಗ ಮತ್ತೊಂದು ಹಿಂದಕ್ಕೆ ಸರಿಯಲೇಬೇಕು. ಗುರಿಯು ಸಂಕಲ್ಪದಲ್ಲಿ ಮೊದಲನೆಯದು, ಸಿದ್ಧಿಯಲ್ಲಿ ಕೊನೆಯದು ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಹಾಗಿದ್ದರೆ ಕಾಲೇಜೊಂದರ ನಿಜವಾದ ಗುರಿಯನ್ನು ಎಲ್ಲಿ ಹುಡುಕಬೇಕು? ನಮ್ಮ ಎಣಿಕೆಯಂತೆ, ಹೊಳಪು ಕಾಗದದ ಪರಿಚಯ ಪುಸ್ತಿಕೆಯಲ್ಲಲ್ಲ, ಸೂಚನಾ ಫಲಕದ ಮೇಲೆ ಅಂಟಿಸಿರುವ ವೇಳಾಪಟ್ಟಿಯಲ್ಲಿ. ಯಾವ ಕೆಲಸಕ್ಕೆ ಯಾವ ಗಂಟೆಯನ್ನು ಕೊಟ್ಟಿದ್ದಾರೆ ಎಂಬುದು ಅಲ್ಲಿ ಮರೆಮಾಚದೆ ಕಾಣುತ್ತದೆ.

ಇದು ನಮ್ಮ ಹಿರಿಯರಿಗೆ ತಿಳಿದಿತ್ತು. ಯೇಸುಸಭೆಯವರು 1599ರಲ್ಲಿ ಪ್ರಕಟಿಸಿದ ‘ರಾತಿಯೊ ಸ್ತುದಿಯೋರುಮ್’ ಎಂಬ ಶಿಕ್ಷಣ ಸಂಹಿತೆಯು ಉದಾತ್ತ ಘೋಷಣೆಗಳ ಗ್ರಂಥವಲ್ಲ. ಯಾವ ತರಗತಿಯಲ್ಲಿ ಏನನ್ನು ಓದಿಸಬೇಕು, ಎಷ್ಟು ಹೊತ್ತು ಓದಿಸಬೇಕು ಎಂದು ಅದು ನಿಷ್ಠುರವಾಗಿ ವಿಧಿಸುತ್ತದೆ. ವಾರದ ಪಾಠಗಳನ್ನು ಶನಿವಾರ ಪುನರಾವರ್ತನೆ ಮಾಡಿಸಬೇಕೆಂಬುದು ಅದರ ನಿಯಮಗಳಲ್ಲೊಂದು. ಹಿಂದೆ ಬಿದ್ದವನಿಗಾಗಿ ವಾರದ ಒಂದು ದಿನದಲ್ಲಿ ಪಾಲು ಕಾದಿರಿಸಿದ ಸಂಹಿತೆ ಅದು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚರಿತ್ರೆಯಲ್ಲಿಯೂ ಇದೇ ಕ್ರಮವಿದೆ. 1880ರಲ್ಲಿ ಅದು ಆರಂಭವಾದುದು ಕೋಡಿಯಾಲಬೈಲಿನ ಮನೆಯೊಂದರಲ್ಲಿ. ಗುಡ್ಡದ ಮೇಲಿನ ಕಟ್ಟಡಕ್ಕೆ ತರಗತಿಗಳು ಬಂದುದು 1885ರಲ್ಲಿ. ಇಂದು ದೂರದ ಊರುಗಳಿಂದ ಪ್ರವಾಸಿಗಳು ಬಂದು ಕತ್ತೆತ್ತಿ ನೋಡುವ ಪ್ರಾರ್ಥನಾ ಮಂದಿರದ ವರ್ಣಚಿತ್ರಗಳನ್ನು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು ರಚಿಸಿದುದು ಇನ್ನೂ ತಡವಾಗಿ, ಆ ಶತಮಾನ ಮುಗಿಯುವ ಹೊತ್ತಿಗೆ. ಮೊದಲು ಪಾಠ, ಅನಂತರ ಸೂರು, ಕೊನೆಗೆ ಅಲಂಕಾರ. 1921ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ತೆರೆದಾಗ ಅವರ ಆದ್ಯತೆಯನ್ನು ವಿವರಿಸಲು ಒಂದೇ ಪದ ಸಾಕಿತ್ತು: ಹೆಣ್ಣುಮಕ್ಕಳು.

ಈಗಿನ ಲೆಕ್ಕಕ್ಕೆ ಬರೋಣ. ಒಂದು ಸೆಮಿಸ್ಟರೆಂದರೆ ಸುಮಾರು 15 ವಾರಗಳು, 90 ಬೋಧನಾ ದಿನಗಳು. ವಾರಕ್ಕೆ ನಾಲ್ಕು ಗಂಟೆಗಳ ಪಾಠವಿರುವ ನಾಲ್ಕು ಕ್ರೆಡಿಟ್‌ಗಳ ಪತ್ರಿಕೆಗೆ ಒಟ್ಟು 60 ಗಂಟೆಗಳು. ಮೊದಲ ಆರು ವಾರಗಳು ಕಳೆದವೆಂದರೆ 24 ಗಂಟೆಗಳು, ಅಂದರೆ ಐದರಲ್ಲಿ ಎರಡು ಪಾಲು ಪಾಠ, ಮುಗಿದೇ ಹೋಯಿತು. ನಡುವೆ ಮಳೆರಜೆಗಳಿವೆ, ಹಬ್ಬಗಳಿವೆ, ಅಂತರಕಾಲೇಜು ಸ್ಪರ್ಧೆಗಳಿವೆ. ಶೇಕಡಾ 75 ಹಾಜರಿ ಕಡ್ಡಾಯವೆಂದು ನಾವು ಮಕ್ಕಳನ್ನು ಗದರುತ್ತೇವೆ. ಅಧ್ಯಾಪಕರನ್ನು ಸಂಘಟನೆಯ ಕೆಲಸಗಳಿಗೆ ಎಳೆದು ಖಾಲಿ ಬಿಟ್ಟ ತರಗತಿಗಳ ಹಾಜರಿಯನ್ನು ಎಣಿಸುವವರು ವಿರಳ.

ಆ ಮೊದಲ ಆರು ವಾರಗಳಲ್ಲಿ ನಿಜವಾಗಿ ಏನಾಗುತ್ತದೆ? ಬೆಳ್ತಂಗಡಿಯ ಅಥವಾ ಬಂಟ್ವಾಳದ ಒಳಭಾಗದ ಧರ್ಮಕೇಂದ್ರವೊಂದರಿಂದ, ಕನ್ನಡ ಮಾಧ್ಯಮದಲ್ಲಿ ಕಲಿತು, ಕುಟುಂಬದಲ್ಲಿಯೇ ಮೊದಲಿಗಳಾಗಿ ಪದವಿ ತರಗತಿಗೆ ಬಂದ ಹುಡುಗಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೂರು ಭಾಷೆಗಳಲ್ಲಿ ಚುರುಕಾಗಿದ್ದವಳು ನಾಲ್ಕನೆಯದರಲ್ಲಿ ಅರ್ಥಶಾಸ್ತ್ರದ ಪಾಠ ಕೇಳುತ್ತಾ ಕುಳಿತಿದ್ದಾಳೆ. ಮೊದಲ ವಾರ ಪ್ರಶ್ನೆ ಕೇಳಲು ಅಳುಕುತ್ತಾಳೆ. ಮೂರನೆಯ ವಾರಕ್ಕೆ ಹಿಂದಿನ ಬೆಂಚು ಅವಳ ಖಾಯಂ ಸ್ಥಳವಾಗುತ್ತದೆ. ಮೊದಲ ಆಂತರಿಕ ಪರೀಕ್ಷೆಯ ಅಂಕಗಳು ಬಂದಾಗ ತಾನು ದಡ್ಡಳೆಂದು ಅವಳೇ ತೀರ್ಮಾನಿಸಿರುತ್ತಾಳೆ. ಬುದ್ಧಿಯ ಕೊರತೆಗೂ ಭಾಷೆಯ ತೊಡಕಿಗೂ ಅಜಗಜಾಂತರವಿದೆ; ಆದರೆ ಅಂಕಪಟ್ಟಿಯಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

ಇಂಥವರಿಗಾಗಿ ಸೇತು ತರಗತಿಗಳು, ಪರಿಹಾರ ಬೋಧನೆ ಎಂದು ಯೋಜನೆಗಳಲ್ಲಿ ಬರೆದಿರುವುದುಂಟು. ಅವುಗಳನ್ನು ಇಡುವ ಹೊತ್ತು ಮಾತ್ರ ಸಂಜೆ ನಾಲ್ಕರ ಬಳಿಕ. ಒಳದಾರಿಯ ಬಸ್ಸು ಆಗಲೇ ಹೊರಟು ನಿಂತಿರುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ; ಆದರೆ ನಮ್ಮ ಜಿಲ್ಲೆಯ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಹೀಗಾಗಿ ಯಾರಿಗಾಗಿ ಆ ತರಗತಿಯನ್ನು ಇಡಲಾಗಿದೆಯೋ ಅವರೇ ಅದಕ್ಕೆ ಬರಲಾರರು. ಹಾಸ್ಟೆಲಿನಲ್ಲಿರುವ ನಾಲ್ಕು ಮಂದಿ ಕುಳಿತಿರುತ್ತಾರೆ, ವರದಿಯಲ್ಲಿ ಛಾಯಾಚಿತ್ರವೂ ಬರುತ್ತದೆ. ಅದೇ ತರಗತಿಯನ್ನು ಬೆಳಗಿನ ಎರಡನೆಯ ಗಂಟೆಗೆ ತಂದು, ಪ್ರತಿಭಾ ದಿನಾಚರಣೆಯ ತಾಲೀಮನ್ನು ನಾಲ್ಕರ ಬಳಿಕ ಇಟ್ಟರೆ ಏನಾದೀತು? ಕೆಲವರಿಗೆ ಅನನುಕೂಲವಾದೀತು, ನಿಜ. ಆದ್ಯತೆಯೆಂದರೆ ಯಾರಿಗಾದರೂ ಅನನುಕೂಲವಾಗಲೇಬೇಕು.

ಬದಲಾವಣೆ ನಮ್ಮ ಕೈಯಲ್ಲಿಲ್ಲ, ಎಲ್ಲವೂ ಮೇಲಿನಿಂದ ಬರುತ್ತದೆ ಎಂಬ ಸಮಜಾಯಿಷಿಯಲ್ಲಿ ಅರ್ಧ ಸತ್ಯವಿದೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷಗಳ ಪದವಿ ಬಂದಿತು. 2024ರಲ್ಲಿ ಸರಕಾರ ಮೂರು ವರ್ಷಗಳ ಪದವಿಗೇ ಮರಳಿತು. ಎರಡು ಸಲ ಪಠ್ಯ ತಿದ್ದಿದ ಅಧ್ಯಾಪಕರ ದಣಿವನ್ನು ನಾವು ಬಲ್ಲೆವು. ಆದರೆ ನಮ್ಮ ಕಾಲೇಜುಗಳಲ್ಲಿ ಕೆಲವು ಸ್ವಾಯತ್ತವಾಗಿವೆ. ಸಂತ ಅಲೋಶಿಯಸ್ 2007ರಲ್ಲಿ ಸ್ವಾಯತ್ತತೆಯನ್ನು, 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆಯಿತು. ಪಠ್ಯವನ್ನೂ ಪಂಚಾಂಗವನ್ನೂ ತಾವೇ ರೂಪಿಸುವ ಅಧಿಕಾರವುಳ್ಳವರು ಗಂಟೆಗಳನ್ನು ಅದಲು ಬದಲು ಮಾಡಲು ಯಾರ ಅಪ್ಪಣೆಗೆ ಕಾಯಬೇಕು?

2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತ ಜಾನ್ ಹೆನ್ರಿ ನ್ಯೂಮನ್‌ರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಅಕ್ವಿನಾಸರೊಡನೆ ಕಥೊಲಿಕ ಶಿಕ್ಷಣದ ಸಹಪಾಲಕರೆಂದೂ ಸಾರಿದರು. ಡಬ್ಲಿನ್ ನಗರದಲ್ಲಿ ಕಥೊಲಿಕ ವಿಶ್ವವಿದ್ಯಾಲಯವನ್ನು ಕಟ್ಟಲು ಹೆಣಗಿದ ನ್ಯೂಮನ್‌ರದು ಕುತೂಹಲಕರವಾದ ವಾದ. ಬರಿದೇ ಪರೀಕ್ಷೆ ನಡೆಸಿ ಪದವಿ ಹಂಚುವ ವಿಶ್ವವಿದ್ಯಾಲಯಕ್ಕಿಂತ, ತರುಣರನ್ನು ಒಂದೆಡೆ ಕೂಡಿಸಿ ಸುಮ್ಮನೆ ಬಿಡುವ ವಿಶ್ವವಿದ್ಯಾಲಯವೇ ಮೇಲು ಎಂದರು. ಮನುಷ್ಯನು ಮನುಷ್ಯನ ಸಹವಾಸದಿಂದ ಬೆಳೆಯುತ್ತಾನೆ ಎಂಬುದು ಅವರ ಎಣಿಕೆ. ಯಂತ್ರಬುದ್ಧಿಯು ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುವ ಈ ದಿನಗಳಲ್ಲಿ ಆ ಮಾತಿಗೆ ಹೊಸ ತೂಕ ಬಂದಿದೆ. ಪ್ರಬಂಧವನ್ನು ಯಾರು ಬರೆದರೆಂದು ಪತ್ತೆಹಚ್ಚುವುದಕ್ಕಿಂತ, ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಿಸುವುದು ಸುಲಭ. ಅದಕ್ಕೂ ವೇಳಾಪಟ್ಟಿಯಲ್ಲಿ ಸ್ಥಳ ಬೇಕು.

ಕಾಲೇಜಿನ ಸಮುದಾಯವೆಂದರೆ ಆವರಣದ ಗೋಡೆಯೊಳಗಿನವರು ಮಾತ್ರವಲ್ಲ; ಮನೆಯವರೂ ಧರ್ಮಕೇಂದ್ರಗಳೂ ಅದಕ್ಕೆ ಸೇರಿವೆ. ವಿದ್ಯಾರ್ಥಿವೇತನದ ವಿಷಯವನ್ನೇ ನೋಡಿ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ತುಂಬುವಾಗ ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ತಾಳೆಯಾಗಬೇಕು. ನಮ್ಮ ಮಕ್ಕಳ ಹೆಸರುಗಳೋ! ಸ್ನಾನದೀಕ್ಷೆಯ ದಾಖಲೆಯಲ್ಲಿ ಮೂರು ಹೆಸರು, ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ತಂದೆಯ ಹೆಸರೂ ಸೇರಿ ನಾಲ್ಕು. ಡಿಸೋಜ ಎಂಬ ಮನೆತನದ ಹೆಸರಿಗೇ ಅರ್ಧ ಡಜನ್ ಕಾಗುಣಿತ. ಕೊನೆಯ ದಿನಾಂಕದ ಮುನ್ನಾದಿನ ಧರ್ಮಗುರುಗಳ ಬಂಗಲೆಗೆ ಓಡಿಬಂದರೆ ನಾವು ದಾಖಲೆ ಬರೆದುಕೊಡಬಲ್ಲೆವು, ಆಧಾರ್ ತಿದ್ದಲಾರೆವು. ತರಗತಿಗಳು ಆರಂಭವಾದ ವಾರವೇ ಈ ಕಾಗದಗಳನ್ನು ಒಂದೆಡೆಯಿಟ್ಟು ಹೆಸರುಗಳನ್ನು ಓದಿ ನೋಡಬೇಕು; ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೂ ಆಗಲೇ ಅರ್ಜಿ ಹಾಕಬೇಕು.

ಶುಲ್ಕಕ್ಕೆ ಕಷ್ಟವಾದಾಗ ನಮ್ಮ ಜನ ನೆನೆಯುವುದು ಸಂತ ವಿನ್ಸೆಂಟ್ ಪಾವ್ಲರ ಸಭೆಯನ್ನು. ಅದನ್ನು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದ ಫ್ರೆಡರಿಕ್ ಒಜಾನಾಮ್ ಆಗ ಕಾನೂನು ಓದುತ್ತಿದ್ದ ಇಪ್ಪತ್ತರ ತರುಣ. ಚರ್ಚಾಕೂಟದಲ್ಲಿ ಎದುರಾಳಿಗಳು, ಬಡವರಿಗಾಗಿ ನೀವೇನು ಮಾಡುತ್ತಿದ್ದೀರಿ ಎಂದು ಚುಚ್ಚಿದಾಗ ಗೆಳೆಯರನ್ನು ಕೂಡಿಕೊಂಡು ಬಡವರ ಮನೆಗಳಿಗೆ ನಡೆದ. ಅದು ವಿದ್ಯಾರ್ಥಿಗಳ ಕೂಟವಾಗಿತ್ತು. ನಮ್ಮ ಊರುಗಳಲ್ಲಿ ಅದು ಹಿರಿಯರ ಕೂಟವಾಗಿ ಉಳಿದಿರುವುದು ವಿಚಿತ್ರವೇ. ಎರಡನೆಯ, ಮೂರನೆಯ ವರ್ಷದ ವಿದ್ಯಾರ್ಥಿಗಳು ಶನಿವಾರ ಸಂಜೆ ಇಗರ್ಜಿಯ ಸಭಾಂಗಣದಲ್ಲಿ ಹೊಸಬರೊಡನೆ ಕುಳಿತು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಬಿಡಿಸಿ ಹೇಳಿದರೆ ಖರ್ಚೇನೂ ಇಲ್ಲ. ಸಭಾಂಗಣದ ಬೀಗದ ಕೈ ನಮ್ಮಲ್ಲಿದೆ.

ಪಾಲಕರ ಮೊದಲ ಸಭೆ ಸಾಮಾನ್ಯವಾಗಿ ತರಗತಿಗಳು ಆರಂಭವಾದ ಕೆಲವು ವಾರಗಳಲ್ಲಿ ನಡೆಯುತ್ತದೆ. ತಾಯಂದಿರೂ ತಂದೆಯಂದಿರೂ ಅಲ್ಲಿಗೆ ಹೋದಾಗ ಶುಲ್ಕದ ರಸೀದಿಯ ಜತೆಗೆ ವೇಳಾಪಟ್ಟಿಯ ಒಂದು ಪ್ರತಿಯನ್ನೂ ಕೇಳಿ ಪಡೆಯಲಿ. ಪರಿಹಾರ ಬೋಧನೆ ಎಷ್ಟು ಗಂಟೆಗಿದೆ, ಮಗಳ ಮಾರ್ಗದರ್ಶಕ ಅಧ್ಯಾಪಕರು ಯಾರು, ಅವರು ಯಾವ ದಿನ ಬಿಡುವಾಗಿರುತ್ತಾರೆ ಎಂದು ಸಂಕೋಚವಿಲ್ಲದೆ ವಿಚಾರಿಸಲಿ. ಬಸ್ಸಿನ ಸಮಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದೂ ಒಳಿತು.