ತೆಂಗಿನ ಚಿಪ್ಪಿನ ಪುಡಿ ಮಾರೋ ಮುಂಚೆ ಇದನ್ನ ಓದಿ



ನಂಜನಗೂಡಿನ ಛತ್ರ, ಹೋಟೆಲುಗಳ ಹಿಂದೆ, ತಿ. ನರಸೀಪುರ ಕಡೆಯ ಎಣ್ಣೆ ಗಾಣಗಳ ಹತ್ತಿರ ಎಲ್ಲಿ ನೋಡಿದ್ರೂ ತೆಂಗಿನ ಚಿಪ್ಪು. ನಮ್ಮನೇಲೂ ಹಂಡೆ ಒಲೆಗೆ ಹಾಕಿ ಮಿಕ್ಕಿದ್ದು ಕೊಟ್ಟಿಗೆ ಹಿಂದೆ ಬಿದ್ದಿರುತ್ತೆ. ಎರಡು ವರ್ಷದ ಹಿಂದೆ, ಚಿಪ್ಪಿನ ಪುಡಿಯಿಂದ ಕಾಂಪೋಸಿಟ್ ಹಲಗೆ ಮಾಡ್ತಾರೆ, ಒಳ್ಳೆ ರೇಟಿದೆ ಅನ್ನೋ ವಿಡಿಯೊ ನೋಡಿ ನಾನೂ ಒಂದು ಲೋಡು ಪುಡಿ ಮಾಡಿಸಿ ಕಳಿಸಿದೆ. ಲೋಡು ವಾಪಸ್ ಬಂತು. ಕಾರಣ ಎರಡೇ: ತೇವ ಮತ್ತು ಮಣ್ಣು. ಪುಡಿ ಮಾಡಿಸಿದ ಕೂಲಿ, ಟೆಂಪೊ ಬಾಡಿಗೆ ಎರಡೂ ಕೈಬಿಟ್ಟು ಹೋಯ್ತು. ನಿಮಗೆ ಹಾಗಾಗದಿರಲಿ ಅಂತ ಈ ಲೇಖನ.

ಕಾಂಪೋಸಿಟ್ ಅಂದ್ರೇನು?

ಹಿಂದೆ ಮಣ್ಣಿನ ಗೋಡೆ ಕಟ್ಟೋರು ಕೆಸರಿಗೆ ಹುಲ್ಲು ಸೇರಿಸಿ ತುಳೀತಿದ್ರು. ಮಣ್ಣು ಹಿಡಿದಿಡುತ್ತೆ, ಹುಲ್ಲು ಬಿರುಕು ಬಿಡದಂತೆ ತಡೆಯುತ್ತೆ. ಇಲ್ಲೂ ಅದೇ ತತ್ವ. ಹಿಡಿದಿಡೋಕೆ ರೆಸಿನ್ ಅಥವಾ ಪ್ಲಾಸ್ಟಿಕ್, ಗಟ್ಟಿತನಕ್ಕೆ ಚಿಪ್ಪಿನ ಪುಡಿ. ಬಲಿತ ಚಿಪ್ಪಿನಲ್ಲಿ ಲಿಗ್ನಿನ್ ಅನ್ನೋ ಅಂಶ ಹೆಚ್ಚು, ಅದಕ್ಕೇ ಅಷ್ಟು ಗಟ್ಟಿ. ಎಳನೀರು ಬುರುಡೆ ಈ ಕೆಲಸಕ್ಕೆ ಬರಲ್ಲ. ಪ್ಲೈವುಡ್ ಅಂಟಿಗೆ, ಬೇಕಲೈಟ್ ಅಚ್ಚಿನ ಪುಡಿಗೆ, ಸೊಳ್ಳೆ ಬತ್ತಿಗೆ ಚಿಪ್ಪಿನ ಪುಡಿಯನ್ನ ಮೊದಲಿಂದಲೂ ಬಳಸ್ತಾರೆ.

ತೇವ ಇದ್ರೆ ಏನಾಗುತ್ತೆ?

ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕರಗೋದು ಸುಮಾರು 160-165 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು 100 ಡಿಗ್ರಿಗೇ ಆವಿಯಾಗುತ್ತೆ. ಆ ಆವಿ ಹಲಗೆಯೊಳಗೆ ಗುಳ್ಳೆ ಮಾಡುತ್ತೆ, ಮುಂದೆ ಹಲಗೆ ಮುರಿಯೋದೂ ಅಲ್ಲೇ. ಕೊಬ್ಬರಿ ಚೂರು ಅಂಟಿದ್ರೆ ಎಣ್ಣೆ ಜಿಡ್ಡಿಗೆ ಅಂಟು ಸರಿಯಾಗಿ ಹಿಡಿಯಲ್ಲ. ಮರಳಿದ್ರೆ ಯಂತ್ರ ಸವೆಯುತ್ತೆ.

ನಾವು ಮಾಡಬೇಕಾದ್ದು

1. ಬಲಿತ ಕಾಯಿಯ ಚಿಪ್ಪು ಮಾತ್ರ ಆರಿಸಿ. ನಾರು, ಕೊಬ್ಬರಿ ಚೂರು ಕೆರೆದು ತೆಗೀರಿ.

2. ನೆಲದ ಮೇಲೆ ಹರಡಬೇಡಿ, ಟಾರ್ಪಾಲ್ ಹಾಕಿ ಒಣಗಿಸಿ. ಒಂದು ಕೆಜಿ ಚೂರನ್ನ ಬೇರೆ ಇಟ್ಟು ದಿನಾ ಸಂಜೆ ತೂಗಿ. ತೂಕ ಇಳಿಯೋದು ನಿಂತ್ರೆ ಬಿಸಿಲಿಗೆ ಒಣಗೋಷ್ಟು ಒಣಗಿದೆ ಅಂತ ಅರ್ಥ. ಉಳಿದ ತೇವವನ್ನ ಕಾರ್ಖಾನೆಯವರು ಯಂತ್ರದಲ್ಲಿ ತೆಗೀತಾರೆ.

3. ಕೊಳ್ಳೋರು ಯಾವ ಮೆಶ್ ಬೇಕು ಅಂತ ಕೇಳಿ ಬರೆಸಿಕೊಳ್ಳಿ. ಮೆಶ್ ಅಂದ್ರೆ ಜರಡಿಯ ಒಂದು ಅಂಗುಲದಲ್ಲಿರೋ ಕಣ್ಣುಗಳ ಸಂಖ್ಯೆ. 80 ಮೆಶ್‌ಗಿಂತ 200 ಮೆಶ್ ಪುಡಿ ನುಣುಪು, ಪುಡಿ ಮಾಡೋ ಖರ್ಚೂ ಹೆಚ್ಚು.

4. ಪುಡಿ ಮಾಡುವಾಗ ಮಾಸ್ಕ್ ಕಡ್ಡಾಯ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹತ್ತಿರ ಬೀಡಿ, ಬೆಂಕಿ ಬೇಡವೇ ಬೇಡ, ನುಣುಪಾದ ಧೂಳು ಗಾಳೀಲಿ ತುಂಬಿದ್ರೆ ಭಗ್ಗನೆ ಹೊತ್ತಿಕೊಳ್ಳುತ್ತೆ.

ಮೊದಲು ಯಂತ್ರ ಕೊಳ್ಳಬೇಡಿ

ನಮ್ಮನೇಲಿ ತೂಗಿದಾಗ ಹತ್ತು ಚಿಪ್ಪಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಬಂತು. ಅಂದ್ರೆ ಒಂದು ಟನ್‌ಗೆ ಹತ್ತತ್ರ ಹತ್ತು ಸಾವಿರ ಚಿಪ್ಪು ಬೇಕು. ಒಬ್ಬರ ತೋಟದಿಂದ ಇಷ್ಟು ಹೊರಡೋದು ಕಷ್ಟ. ನಾಲ್ಕೈದು ಜನ ಸೇರಿ, ಗಾಣದವರ ಜೊತೆ ಮಾತಾಡಿ. "ಯಂತ್ರ ತಗೊಳ್ಳಿ, ಪುಡಿ ನಾವೇ ಕೊಳ್ತೀವಿ" ಅನ್ನೋರ ಮಾತಿಗೆ ಸಾಲ ಮಾಡಬೇಡಿ. ಮೊದಲು ಐದು ಕೆಜಿ ಮಾದರಿ ಕಳಿಸಿ, ಒಪ್ಪಿಗೆ ಬಂದ ಮೇಲೇ ಮುಂದಿನ ಮಾತು. ಪ್ಲಾಸ್ಟಿಕ್ ಪರೀಕ್ಷೆ, ತರಬೇತಿ ಬಗ್ಗೆ ಮೈಸೂರಿನ ಸಿಪೆಟ್ ಸಂಸ್ಥೆಯಲ್ಲಿ ವಿಚಾರಿಸಬಹುದು. ಬೆಳೆ ಸಂಬಂಧಿಸಿದ ಸಲಹೆಗೆ ನಮ್ಮ ತಾಲ್ಲೂಕಿನಲ್ಲೇ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಇದೆ.

ಕೊನೇಲೊಂದು ಮಾತು. ಪ್ಲಾಸ್ಟಿಕ್ ಬೆರೆತ ಹಲಗೆ ಮಣ್ಣಲ್ಲಿ ಕೊಳೆಯಲ್ಲ, ಹಾಗಾಗಿ "ನೂರಕ್ಕೆ ನೂರು ಪರಿಸರಸ್ನೇಹಿ" ಅನ್ನೋದು ಸುಳ್ಳು. ಆದ್ರೆ 100 ಕೆಜಿ ಹಲಗೇಲಿ 30 ಕೆಜಿ ಚಿಪ್ಪಿನ ಪುಡಿ ಇದ್ರೆ ಅಷ್ಟು ಪ್ಲಾಸ್ಟಿಕ್ ಉಳೀತು, ಅದೇ ನಿಜವಾದ ಲಾಭ. ಲೆಕ್ಕ ಹಾಕಿ ನೋಡಿ. ಗಿಟ್ಟದಿದ್ರೆ ಇದ್ದಿಲು ಮಾಡೋರಿಗೆ ಕೊಡಿ. ಅದೂ ಆಗದಿದ್ರೆ ಹಂಡೆ ಒಲೆ ಇದ್ದೇ ಇದೆ, ಅದರಲ್ಲಿ ನಷ್ಟ ಏನೂ ಇಲ್ಲ.