ಮಳೆ ಲೆಕ್ಕದ ಫೈಲು: ನಾಲ್ಕು ತಪ್ಪು ಕಲ್ಪನೆ

ಕೊಡಗಿನ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವುದು ಹಳೆಯ ರೂಢಿ. ಆ ಲೆಕ್ಕವನ್ನು ದಿನಾಂಕ, ಊರು, ಮಳೆ ಎಂದು ದಿನಕ್ಕೊಂದು ಸಾಲಿನಂತೆ ಟೆಕ್ಸ್ಟ್ ಫೈಲಿಗೆ ಏರಿಸಿಟ್ಟರೆ, ಬೇಕಾದ ಸಾಲುಗಳನ್ನು ಸೋಸಿ ತೆಗೆಯಲು ಪೈಥಾನಿನ ಒಂದು ಪುಟ್ಟ ಪ್ರೋಗ್ರಾಮ್ ಸಾಕು. ಎಡವುವುದು ತಪ್ಪು ನಂಬಿಕೆಗಳಿಂದ.

ತಪ್ಪು ಕಲ್ಪನೆ: ಕನ್ನಡ ಫೈಲನ್ನು ಪ್ರೋಗ್ರಾಮ್ ಓದಲಾರದು.

ಸತ್ಯ: 2008ರಲ್ಲಿ ಬಂದ ಪೈಥಾನ್ 3ರಲ್ಲಿ ಪಠ್ಯವೆಲ್ಲ ಯೂನಿಕೋಡ್. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿಬಿಡಿ. ‘೧೨.೫’ ಎಂದು ಕನ್ನಡ ಅಂಕಿಯಲ್ಲಿದ್ದರೂ ‘ಫ್ಲೋಟ್’ ಫಂಕ್ಷನ್ ಅದನ್ನು ಸಂಖ್ಯೆಯಾಗಿ ಓದುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳನ್ನು ಮಾತ್ರ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ತಪ್ಪು ಕಲ್ಪನೆ: ಕಣ್ಣಿಗೆ ಒಂದೇ ಆಗಿ ಕಂಡ ಪದ ಕಂಪ್ಯೂಟರಿಗೂ ಒಂದೇ.

ಸತ್ಯ: ಅಲ್ಲ, ಹೆಚ್ಚು ಸಾಲುಗಳು ಕೈತಪ್ಪುವುದು ಇಲ್ಲೇ. ‘ಕೊ’ ಅಕ್ಷರದ ಒ ಸ್ವರಚಿಹ್ನೆಗೆ ಯೂನಿಕೋಡಿನಲ್ಲಿ ಒಂದೇ ಸಂಕೇತವಿದೆ. ಎ ಚಿಹ್ನೆ, ಊ ಚಿಹ್ನೆ ಎರಡನ್ನೂ ಜೋಡಿಸಿಯೂ ಅದನ್ನೇ ಬರೆಯಬಹುದು. ಹಾಗಾಗಿ ‘ಕೊಡಗು’ ಒಂದು ಫೈಲಿನಲ್ಲಿ ಐದು ಸಂಕೇತ, ಇನ್ನೊಂದರಲ್ಲಿ ಆರು. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣದು, ಹೋಲಿಸಿದರೆ ಪೈಥಾನ್ ಬೇರೆ ಬೇರೆ ಎನ್ನುತ್ತದೆ. ಏ, ಓ ಚಿಹ್ನೆಗಳೂ ಹೀಗೆಯೇ ಆದ್ದರಿಂದ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಎಲ್ಲಕ್ಕೂ ಈ ಪಾಡು, ಕುಶಾಲನಗರಕ್ಕಿಲ್ಲ. ಪರಿಹಾರ ಸುಲಭ: ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಬಳಸಿ, ಓದಿದ ಸಾಲು, ಹುಡುಕುವ ಪದ ಎರಡನ್ನೂ ‘ಎನ್‌ಎಫ್‌ಸಿ’ ರೂಪಕ್ಕೆ ತನ್ನಿ. ಕನ್ನಡ ಪಠ್ಯ ಸೋಸುವವರು ಮೊದಲು ಕಲಿಯಬೇಕಾದದ್ದು ಇದೇ ಎಂದು ನನಗನ್ನಿಸುತ್ತದೆ.

ತಪ್ಪು ಕಲ್ಪನೆ: ಅಂಕಿಯಿದ್ದರೆ ಅದು ಸಂಖ್ಯೆಯೇ.

ಸತ್ಯ: ಫೈಲಿನಿಂದ ಬಂದದ್ದೆಲ್ಲ ಪಠ್ಯ. ‘10.40’ ಮತ್ತು ‘5’ ಎರಡನ್ನೂ ಪಠ್ಯವಾಗಿಯೇ ಹೋಲಿಸಿದರೆ 5 ದೊಡ್ಡದಾಗುತ್ತದೆ, ಏಕೆಂದರೆ ಹೋಲಿಕೆ ಮೊದಲ ಅಂಕಿಯಿಂದ ಶುರು. ಐದು ಇಂಚು ಮೀರಿದ ದಿನಗಳನ್ನು ಕೇಳಿದರೆ ಹತ್ತು ಇಂಚು ಸುರಿದ ದಿನವೇ ಮಾಯ! 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆಯಲ್ಲಿ ಅಂಥ ದಿನಗಳನ್ನು ಕಳೆದುಕೊಳ್ಳುವಂತಿಲ್ಲ. ಅಳತೆ ಬರೆಯದ ದಿನವನ್ನು ಸೊನ್ನೆ ಎಂದೂ ತುಂಬಬೇಡಿ. ಮಳೆ ಬಾರದ್ದು ಬೇರೆ, ಬರೆಯದ್ದು ಬೇರೆ.

ತಪ್ಪು ಕಲ್ಪನೆ: ಸೋಸಿದರೆ ಮೂಲ ಫೈಲ್ ಹಾಳಾಗುತ್ತದೆ.

ಸತ್ಯ: ಓದಲೆಂದು ತೆರೆದರೆ ಏನೂ ಆಗದು. ಆದರೆ ಅದೇ ಫೈಲನ್ನು ‘ಡಬ್ಲ್ಯು’ ಎಂದು ಬರೆಯಲು ತೆರೆದರೆ ಆ ಕ್ಷಣದಲ್ಲೇ ಅದು ಬರಿದಾಗುತ್ತದೆ. ಸೋಸಿದ ಸಾಲುಗಳಿಗೆ ಯಾವಾಗಲೂ ಬೇರೆ ಹೆಸರಿನ ಫೈಲ್ ಕೊಡಿ.